ಓದುಗರ ಪ್ರಶ್ನೆ: 512 ಐಪಿ ವಿಳಾಸ ಯಾರಿಗೆ, ಹೇಗೆ, ಎಲ್ಲಿಯವರೆಗೆ?

ಈ ಸಲದ ಪ್ರಶ್ನೆಗಳೆಲ್ಲ ಐಪಿ ವಿಳಾಸದ, ಅಂದರೆ ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಅಂಕಿಯ ಸುತ್ತಲೇ ಬಂದಿವೆ. ಬರೆದವರಲ್ಲಿ ಹೆಚ್ಚಿನವರು ಊರಲ್ಲಿ ಫೈಬರ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವ ಆಪರೇಟರ್‌ಗಳು. ಮಿಕ್ಕವರಿಗೂ ಅರ್ಥವಾಗಲೆಂದು ಮೊದಲೇ ಒಂದು ಲೆಕ್ಕ: ಐಪಿವಿ4ರಲ್ಲಿ (ಹಳೆಯ ಬಗೆಯ ಐಪಿ ವಿಳಾಸ) /24 ಅಂದರೆ 256 ವಿಳಾಸ, /23 ಅಂದರೆ 512, /22 ಅಂದರೆ 1,024. ಓರೆಗೆರೆಯ ಮುಂದಿನ ಅಂಕಿ ಒಂದು ಇಳಿದರೆ ವಿಳಾಸ ದುಪ್ಪಟ್ಟು. ವಿಳಾಸಗಳ ಇಂಥ ಒಂದು ಗುಂಪಿಗೆ ಬ್ಲಾಕ್ ಎನ್ನುತ್ತಾರೆ.

ಪ್ರ: ನಮ್ಮದು ಸಿ ವರ್ಗದ ಐಎಸ್‌ಪಿ (ಇಂಟರ್ನೆಟ್ ಸೇವೆ ಕೊಡುವವರ) ಲೈಸೆನ್ಸ್. 1,800 ಕನೆಕ್ಷನ್ ಇವೆ. ಅಪ್‌ಸ್ಟ್ರೀಮ್ ಕಂಪನಿ (ನಮಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿ) ಕೊಟ್ಟ 16 ವಿಳಾಸದಲ್ಲೇ ದಿನ ದೂಡುತ್ತಿದ್ದೇವೆ. ನಮ್ಮ ಹೆಸರಲ್ಲೇ ಐಪಿ ಸಿಗುತ್ತದೆಯೇ? ಎಷ್ಟು? ಕಾಗದಪತ್ರ ಏನೇನು? (ಕೆ. ಆರ್., ತಿಪಟೂರು)

ಸಿಗುತ್ತದೆ. ಕನಿಷ್ಠ /24, ಗರಿಷ್ಠ /23. ಅಂದರೆ ಹೆಚ್ಚೆಂದರೆ 512, ಅದೂ ಒಂದು ಸಂಸ್ಥೆಗೆ ಒಟ್ಟಾರೆ. ಈ ವರ್ಷ 512, ಮುಂದಿನ ವರ್ಷ ಮತ್ತೆ 512 ಎಂಬ ಲೆಕ್ಕ ಇಲ್ಲ. ಮೊದಲು /24 ಮಾತ್ರ ಪಡೆದಿದ್ದರೆ ಉಳಿದ /24ಕ್ಕೆ ಆಮೇಲೆ ಅರ್ಜಿ ಹಾಕಬಹುದು.

ಭಾರತದಲ್ಲಿ ಇದನ್ನು ಕೊಡುವುದು ನಿಕ್ಸಿ (ದೇಶದ ಇಂಟರ್ನೆಟ್ ಜಾಲಗಳು ಪರಸ್ಪರ ಕೂಡುವ ಎಕ್ಸ್‌ಚೇಂಜ್‌ಗಳನ್ನು ನಡೆಸುವ) ಸಂಸ್ಥೆಯ ಅಂಗವಾದ ಇರಿನ್ ನೋಂದಣಿ ಕಚೇರಿ. ಇದು 2012ರಿಂದ ನಡೆಯುತ್ತಿದೆ. ಇದರ ಮೇಲಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್, ಅಂದರೆ ಏಷ್ಯಾ-ಪೆಸಿಫಿಕ್ ಭಾಗದ ನೋಂದಣಿ ಸಂಸ್ಥೆ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಮೂಲ ನಿಯಮ ಎಪಿನಿಕ್‌ನದು. ಶುಲ್ಕ, ಅರ್ಜಿ, ಕಾಗದಪತ್ರ ಇರಿನ್‌ನದು. ನೇರವಾಗಿ ಎಪಿನಿಕ್ ಸದಸ್ಯರಾಗುವ ದಾರಿಯೂ ಇದೆ. ರೂಪಾಯಿಯಲ್ಲಿ ಪಾವತಿ, ಜಿಎಸ್‌ಟಿ ಬಿಲ್ಲು ಬೇಕೆನ್ನುವ ಸಣ್ಣ ಆಪರೇಟರ್‌ಗೆ ಇರಿನ್ ಅನುಕೂಲ.

ಕಾಗದಪತ್ರದಲ್ಲಿ ಸಂಸ್ಥೆಯ ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ, ದೂರಸಂಪರ್ಕ ಇಲಾಖೆಯ ಲೈಸೆನ್ಸ್, ಸಹಿ ಮಾಡುವವರಿಗೆ ಸಂಸ್ಥೆ ಕೊಟ್ಟ ಅಧಿಕಾರ ಪತ್ರ, ಅಪ್‌ಸ್ಟ್ರೀಮ್ ಜೊತೆಗಿನ ಒಪ್ಪಂದ ಅಥವಾ ಅವರ ಪತ್ರ, ನೆಟ್‌ವರ್ಕ್ ನಕ್ಷೆ, ರೂಟರ್, ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಕೇಂದ್ರದ ಯಂತ್ರ) ಮೊದಲಾದವುಗಳ ಪಟ್ಟಿ ಮತ್ತು ಬಿಲ್ಲು ಸಿದ್ಧವಿರಲಿ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ತಾಂತ್ರಿಕ ಕಾರಣಕ್ಕಲ್ಲ, ಹೆಸರಿನ ಕಾರಣಕ್ಕೆ. ಲೈಸೆನ್ಸ್‌ನಲ್ಲಿ 'ಎಂಟರ್‌ಪ್ರೈಸಸ್', ಜಿಎಸ್‌ಟಿಯಲ್ಲಿ 'ಪ್ರೈವೇಟ್ ಲಿಮಿಟೆಡ್', ಬಿಲ್ಲಿನಲ್ಲಿ ಮಾಲೀಕರ ಸ್ವಂತ ಹೆಸರು! ಹೀಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಅರ್ಜಿ ಹಾಕಿ.

ಎರಡನೆಯ ಎಡವಟ್ಟು ಬಳಕೆಯ ಯೋಜನೆಯಲ್ಲಿ ಆಗುತ್ತದೆ. 'ನಮ್ಮಲ್ಲಿ 1,800 ಗ್ರಾಹಕರಿದ್ದಾರೆ, 512 ಕೊಡಿ' ಎಂದು ಬರೆದರೆ ಮರುಪ್ರಶ್ನೆ ಬಂದೇ ಬರುತ್ತದೆ. ಐಎಸ್‌ಪಿ ಆದವರು ತೋರಿಸಬೇಕಾದದ್ದು ಎರಡು: /24ರಷ್ಟು ಈಗಲೇ ಬೇಕು, ವರ್ಷದೊಳಗೆ /23 ಬಳಕೆಗೆ ಬರುತ್ತದೆ. ನಿಮ್ಮ ಗಾತ್ರದ ನೆಟ್‌ವರ್ಕ್‌ಗೆ ಒಂದು ಮಾದರಿ ಹೀಗಿರಬಹುದು. ಈಗ ಬೇಕಾದದ್ದು: ಮನೆಗಳ ನ್ಯಾಟ್ (ಒಂದೇ ವಿಳಾಸವನ್ನು ಹಲವು ಮನೆ ಹಂಚಿಕೊಳ್ಳುವ ವ್ಯವಸ್ಥೆ) ಪೂಲ್‌ಗೆ 64, ಬ್ಯಾಂಕು, ಆಸ್ಪತ್ರೆ, ಅಂಗಡಿಗಳ ಸ್ಟ್ಯಾಟಿಕ್ (ಬದಲಾಗದ) ಐಪಿಗೆ 96, ರೂಟರ್ ಲಿಂಕ್‌ಗಳಿಗೆ 32, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ) ಮತ್ತಿತರ ಸರ್ವರ್‌ಗೆ 16. ಒಟ್ಟು 208, ಅಂದರೆ /24ರಲ್ಲಿ ಶೇ. 81. ವರ್ಷದೊಳಗೆ: ನ್ಯಾಟ್ 128, ಸ್ಟ್ಯಾಟಿಕ್ 256, ಲಿಂಕ್ 32, ಸರ್ವರ್ 32. ಒಟ್ಟು 448, ಅಂದರೆ /23ರಲ್ಲಿ ಶೇ. 87.5. ಪ್ರತಿ ಸಾಲಿಗೂ ಆಧಾರ ಬೇಕು. ಸ್ಟ್ಯಾಟಿಕ್ ಕೇಳಿದ ಗ್ರಾಹಕರ ಪಟ್ಟಿ, ಹೊಸ ಓಎಲ್‌ಟಿಯ ಖರೀದಿ ಬಿಲ್ಲು, ಯಾವ ಹಳ್ಳಿಗೆ ಯಾವ ತಿಂಗಳು ಎಂಬ ವಿವರ. ಇನ್ನೊಬ್ಬರ ಅರ್ಜಿಯ ನಕ್ಷೆಯನ್ನು ನಕಲು ಹೊಡೆದು ಹೆಸರು ಮಾತ್ರ ಬದಲಿಸುವ ಚಾಳಿ ಇದೆ. ನಕ್ಷೆಯಲ್ಲಿರುವ ರೂಟರ್ ಬಿಲ್ಲಿನಲ್ಲಿ ಇಲ್ಲದಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ.

ಅದೇ ಅರ್ಜಿಯಲ್ಲಿ ಐಪಿವಿ6ನ (ಹೊಸ ಬಗೆಯ, ಅಪಾರ ಸಂಖ್ಯೆಯ ವಿಳಾಸ) /32 ಮತ್ತು ಎಎಸ್ ನಂಬರನ್ನೂ (ಇಂಟರ್ನೆಟ್‌ನಲ್ಲಿ ನಿಮ್ಮ ಇಡೀ ಜಾಲವನ್ನು ಗುರುತಿಸುವ ಸಂಖ್ಯೆ) ಕೇಳಿಬಿಡಿ. ಐಪಿವಿ4 ಪಡೆದ ಆಪರೇಟರ್‌ಗೆ ಐಪಿವಿ6 ಕೊಡಲು ಬೇರೆ ತಕರಾರು ಇರುವುದಿಲ್ಲ.

ಪ್ರ: ನಮ್ಮ ಪಕ್ಕದ ಆಪರೇಟರ್‌ಗೆ 1,024 ವಿಳಾಸ ಇದೆ. ದೊಡ್ಡ ಕಂಪನಿಗಳಿಗೆ ಲಕ್ಷಗಟ್ಟಲೆ. ನಮಗೆ ಮಾತ್ರ 512 ಏಕೆ? (ಎಸ್. ಭಟ್, ಪುತ್ತೂರು)

ಅವರು ನಿಮಗಿಂತ ಮೊದಲು ಬಂದರು ಎಂಬುದೇ ಕಾರಣ. ಐಪಿವಿ4ರಲ್ಲಿ ಇರುವುದೇ 4,294,967,296 ವಿಳಾಸ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಕೊನೆಗೆ ಉಳಿದಿದ್ದ ಐದು /8 ಬ್ಲಾಕ್‌ಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿದರು. ಎಪಿನಿಕ್ ಪಾಲಿಗೆ ಬಂದದ್ದು 103ರಿಂದ ಶುರುವಾಗುವ ಬ್ಲಾಕ್. ಅದೇ ವರ್ಷದ ಏಪ್ರಿಲ್ 15ರಿಂದ ಎಪಿನಿಕ್ ಪಡಿತರ ಶುರುಮಾಡಿತು: ಅಗತ್ಯ ಎಷ್ಟೇ ಇರಲಿ, ಆ ಬ್ಲಾಕ್‌ನಿಂದ ಒಬ್ಬರಿಗೆ /22ಕ್ಕಿಂತ ಹೆಚ್ಚಿಲ್ಲ. 2019ರ ಫೆಬ್ರವರಿ 28ರಿಂದ ಅದನ್ನೂ ಅರ್ಧಕ್ಕಿಳಿಸಿ /23 ಮಾಡಿದರು.

ಇರಿನ್ ಶುರುವಾದದ್ದು 2012ರಲ್ಲಿ, ಅಂದರೆ ಪಡಿತರ ಜಾರಿಗೆ ಬಂದ ಮೇಲೆ. ತಾಲ್ಲೂಕು ಮಟ್ಟದ ನಮ್ಮ ಆಪರೇಟರ್‌ಗಳ ವಿಳಾಸ ಸಾಮಾನ್ಯವಾಗಿ 103ರಿಂದಲೇ ಆರಂಭವಾಗುವುದು ಅದಕ್ಕೆ. ಅನ್ಯಾಯ ಅನ್ನಿಸುವುದು ಸಹಜ. ಆದರೆ ಲೆಕ್ಕ ನೋಡಿ. ಒಂದು /8ರಲ್ಲಿ 1,67,77,216 ವಿಳಾಸ. ತಲಾ 1,024ರಂತೆ ಕೊಟ್ಟರೆ 16,384 ಸಂಸ್ಥೆಗೆ ಮುಗಿಯುತ್ತದೆ, 512ರಂತೆ ಕೊಟ್ಟರೆ 32,768 ಸಂಸ್ಥೆಗೆ ಬರುತ್ತದೆ. ಉತ್ತರ ಅಮೆರಿಕದ ಸಂಸ್ಥೆ 2015ರಲ್ಲೇ, ಯುರೋಪಿನದು 2019ರಲ್ಲಿ ದಾಸ್ತಾನು ಬರಿದು ಮಾಡಿಕೊಂಡವು. ನಮ್ಮ ಭಾಗದಲ್ಲಿ ಹೊಸಬರಿಗೆ ಈಗಲೂ ಒಂದಿಷ್ಟು ಸಿಗುತ್ತಿರುವುದು ಈ ಕಡಿತದಿಂದಲೇ. ನಮ್ಮ ಮಟ್ಟಿಗೆ ಅದು ಸರಿಯಾದ ತೀರ್ಮಾನ.

ಪ್ರ: ಎಎಸ್ ನಂಬರ್ ಬೇಕೇಬೇಕೆ? ನಮಗಿರುವುದು ಒಂದೇ ಅಪ್‌ಸ್ಟ್ರೀಮ್. (ವಿ. ಎಚ್., ಹುಬ್ಬಳ್ಳಿ)

ಬೇಕೇಬೇಕು ಎಂದಿಲ್ಲ. ನಿಮ್ಮ ಬ್ಲಾಕನ್ನು ಅಪ್‌ಸ್ಟ್ರೀಮ್‌ನವರೇ ತಮ್ಮ ಎಎಸ್‌ನಿಂದ ಅನೌನ್ಸ್ ಮಾಡಬಹುದು, ಅಂದರೆ ಈ ಬ್ಲಾಕಿಗೆ ದಾರಿ ತಮ್ಮ ಮೂಲಕ ಎಂದು ಉಳಿದ ಜಾಲಗಳಿಗೆ ಸಾರಬಹುದು. ಆದರೆ ಅವರು ದರ ಏರಿಸಿದಾಗ, ಲಿಂಕ್ ಕೆಟ್ಟಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಎಪಿನಿಕ್ ನಿಯಮದಂತೆ ಎಎಸ್ ನಂಬರ್ ಸಿಗುವುದು ಎರಡು ಸಂದರ್ಭದಲ್ಲಿ: ಈಗಾಗಲೇ ಒಂದಕ್ಕಿಂತ ಹೆಚ್ಚು ಕಡೆ ಸಂಪರ್ಕ ಇದ್ದರೆ, ಅಥವಾ ಸ್ವಂತ ಬ್ಲಾಕ್ ಪಡೆದು ಮುಂದೆ ಹಾಗೆ ಸಂಪರ್ಕಿಸುವ ಉದ್ದೇಶ ಇದ್ದರೆ. ಬೆಂಗಳೂರಿನ ನಿಕ್ಸಿ ಎಕ್ಸ್‌ಚೇಂಜ್‌ಗೆ ಸೇರುವುದಾದರೂ ನಂಬರ್ ಬೇಕು.

ಈಗ ಹಂಚುವುದು 32 ಬಿಟ್‌ನ ಉದ್ದನೆಯ ನಂಬರ್. ಹಳೆಯ ರೂಟರ್‌ನ ಸಾಫ್ಟ್‌ವೇರ್ ಅದನ್ನು ಒಪ್ಪದಿದ್ದರೆ ಎಎಸ್ ದಾರಿಯಲ್ಲಿ 23456 ಎಂದು ಕಾಣಿಸುತ್ತದೆ. ಅದು ಯಾರ ನಂಬರೂ ಅಲ್ಲ, ಹೊಸ ನಂಬರ್ ಅರ್ಥವಾಗದ ಯಂತ್ರಕ್ಕೆ ಕೊಡುವ ಬದಲಿ ಅಂಕಿ. ಸೆಕೆಂಡ್‌ಹ್ಯಾಂಡ್ ರೂಟರ್ ಕೊಳ್ಳುವವರು ಇದನ್ನೊಮ್ಮೆ ಪರೀಕ್ಷಿಸಿ.

ಪ್ರ: ಬ್ಲಾಕ್ ಬಂತು, ಬಿಜಿಪಿ (ಜಾಲಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ವಿಧಾನ) ಎದ್ದಿತು. ಆದರೂ ಕೆಲವು ಸೈಟ್ ತೆರೆಯುವುದಿಲ್ಲ. ಕೆಲವು ಆ್ಯಪ್‌ಗಳು ನಾವು ಬೇರೆ ದೇಶದಲ್ಲಿದ್ದೇವೆ ಎನ್ನುತ್ತವೆ. (ಎಂ. ಪಿ., ಬಳ್ಳಾರಿ)

ಎರಡಕ್ಕೂ ಕಾರಣ ಬೇರೆ ಬೇರೆ. ಸೈಟ್ ತೆರೆಯದಿರುವುದನ್ನು ಮೊದಲು ನೋಡೋಣ.

ರೂಟ್ ವ್ಯೂಸ್ ಅಥವಾ ರೈಪ್‌ಸ್ಟ್ಯಾಟ್ ಜಾಲತಾಣದಲ್ಲಿ ನಿಮ್ಮ ಬ್ಲಾಕ್ ಹಾಕಿ ನೋಡಿ. ಜಗತ್ತಿನ ಕೆಲವೇ ಕಡೆ ಕಾಣುತ್ತಿದ್ದರೆ ದೋಷ ಅನೌನ್ಸ್‌ಮೆಂಟ್‌ನಲ್ಲಿದೆ. ಮೊದಲ ಶಂಕೆ ಆರ್‌ಒಎ ಮೇಲೆ. ಈ ಬ್ಲಾಕನ್ನು ಇಂಥ ಎಎಸ್ ಮಾತ್ರ ಅನೌನ್ಸ್ ಮಾಡಬಹುದು ಎಂದು ಬ್ಲಾಕ್ ಪಡೆದವರು ನೋಂದಣಿ ಪೋರ್ಟಲ್‌ನಲ್ಲಿ ಸಹಿ ಮಾಡಿ ಇಡುವ ದಾಖಲೆ ಅದು. ದೊಡ್ಡ ಜಾಲಗಳು ಅದಕ್ಕೆ ಹೊಂದದ ರೂಟನ್ನು ಸದ್ದಿಲ್ಲದೆ ಬಿಸಾಡುತ್ತವೆ. ಇಲ್ಲಿ ಮಾಮೂಲಾಗಿ ಆಗುವ ತಪ್ಪು ಹೀಗೆ: /23ಕ್ಕೆ ಆರ್‌ಒಎ ಮಾಡಿ ಗರಿಷ್ಠ ಉದ್ದ 23 ಎಂದೇ ಬಿಟ್ಟಿರುತ್ತಾರೆ. ಆಮೇಲೆ ಟ್ರಾಫಿಕ್ ಹಂಚಲೆಂದು ಎರಡು /24 ಆಗಿ ಅನೌನ್ಸ್ ಮಾಡುತ್ತಾರೆ. ಆ ಎರಡೂ ಅಸಿಂಧು. ಒಂದು ಅಪ್‌ಸ್ಟ್ರೀಮ್ ಮಾತ್ರ ಪರೀಕ್ಷೆ ಮಾಡುತ್ತಿದ್ದರೆ ಅರ್ಧ ಇಂಟರ್ನೆಟ್ ಓಡುತ್ತದೆ, ಅರ್ಧ ಓಡುವುದಿಲ್ಲ. ಹಾಗೆಂದು ಗರಿಷ್ಠ ಉದ್ದವನ್ನು ಸುಮ್ಮನೆ 24 ಮಾಡಿಡುವುದೂ ಸರಿಯಲ್ಲ. ನೀವು ಅನೌನ್ಸ್ ಮಾಡದ /24ನ್ನು ನಿಮ್ಮ ಎಎಸ್ ಹೆಸರು ಹಾಕಿ ಇನ್ನೊಬ್ಬರು ಕದಿಯಲು ಅದು ಬಾಗಿಲು ತೆರೆದಿಟ್ಟಂತೆ. ಅನೌನ್ಸ್ ಮಾಡುವ ಪ್ರತಿ ಬ್ಲಾಕಿಗೂ ಬೇರೆ ಆರ್‌ಒಎ ಮಾಡಿ. ಅಪ್‌ಸ್ಟ್ರೀಮ್ ಎಎಸ್‌ನಿಂದ ಸ್ವಂತ ಎಎಸ್‌ಗೆ ಬದಲಾಗುವಾಗ ಎರಡೂ ನಂಬರಿಗೆ ಆರ್‌ಒಎ ಇಟ್ಟು, ಕೆಲವು ಗಂಟೆ ಕಾದು, ಆಮೇಲೆ ಬದಲಿಸಿ. ಹಳೆಯದನ್ನು ಅಳಿಸುವುದು ಕೊನೆಯ ಕೆಲಸ.

ಆರ್‌ಒಎ ಸರಿಯಿದ್ದರೆ ರೂಟ್ ಆಬ್ಜೆಕ್ಟ್ (ಬ್ಲಾಕನ್ನು ಯಾವ ಎಎಸ್ ಅನೌನ್ಸ್ ಮಾಡುತ್ತದೆ ಎಂಬ ಇನ್ನೊಂದು ನೋಂದಣಿ ದಾಖಲೆ) ನೋಡಿ. ಅನೇಕ ಅಪ್‌ಸ್ಟ್ರೀಮ್‌ಗಳು ಅದನ್ನು ನೋಡಿಯೇ ತಮ್ಮ ಫಿಲ್ಟರ್ ಪಟ್ಟಿ ಕಟ್ಟುತ್ತವೆ. /24ಕ್ಕಿಂತ ಚಿಕ್ಕ ತುಂಡನ್ನು ಅನೌನ್ಸ್ ಮಾಡಿದರೆ ಹೊರಗಿನವರು ತೆಗೆದುಕೊಳ್ಳುವುದಿಲ್ಲ. ಐಪಿವಿ6ರಲ್ಲಿ ಆ ಮಿತಿ /48.

ಪ್ಯಾಕೆಟ್ ಸಾಗುವ ದಾರಿ ತೋರಿಸುವ ಟ್ರೇಸ್‌ರೂಟ್‌ನಲ್ಲಿ ನಿಮ್ಮ ರೂಟರ್ ಮತ್ತು ಅಪ್‌ಸ್ಟ್ರೀಮ್ ರೂಟರ್ ಒಂದಾದಮೇಲೊಂದು ಪುನಃಪುನಃ ಬರುತ್ತಿದ್ದರೆ ಅದು ಲೂಪ್. ನೀವಿನ್ನೂ ಯಾರಿಗೂ ಕೊಡದ ವಿಳಾಸಕ್ಕೆ ಪ್ಯಾಕೆಟ್ ಬಂದಾಗ ನಿಮ್ಮ ರೂಟರ್ ಅದನ್ನು ಡಿಫಾಲ್ಟ್ ರೂಟ್ ಹಿಡಿದು ವಾಪಸ್ ಕಳಿಸುತ್ತದೆ, ಅವರು ಮತ್ತೆ ನಿಮಗೇ ಕಳಿಸುತ್ತಾರೆ. ಇಡೀ /23ಕ್ಕೆ ಒಂದು ನಲ್ ರೂಟ್ (ಅಂಥ ಪ್ಯಾಕೆಟನ್ನು ಅಲ್ಲೇ ಬಿಸಾಡುವ ದಾರಿ) ಹಾಕಿದರೆ ತೀರಿತು. ಮೈಕ್ರೊಟಿಕ್ ಕಂಪನಿಯ ರೂಟರ್‌ನಲ್ಲಿ ಅದಕ್ಕೆ ಬ್ಲ್ಯಾಕ್‌ಹೋಲ್ ಎನ್ನುತ್ತಾರೆ.

ಬೇರೆ ದೇಶ ಎಂದು ತೋರಿಸುವುದು ನೋಂದಣಿಯ ದೋಷವಲ್ಲ. ಸ್ಥಳ ಪತ್ತೆ ಮಾಡುವ ಖಾಸಗಿ ಕಂಪನಿಗಳ ಪಟ್ಟಿ ಹಳೆಯದಾಗಿರುತ್ತದೆ. ಮೊದಲು ನಿಮ್ಮ ಹೂಈಸ್ ದಾಖಲೆಯಲ್ಲಿ (ಬ್ಲಾಕ್ ಯಾರ ಹೆಸರಲ್ಲಿದೆ ಎಂದು ಎಲ್ಲರಿಗೂ ತೋರಿಸುವ ನೋಂದಣಿ ಪುಸ್ತಕ) ದೇಶದ ಸಂಕೇತ ಸರಿಯಿದೆಯೇ ನೋಡಿ. ಆಮೇಲೆ ಜಿಯೊಫೀಡ್ ಎಂಬ ಸರಳ ಪಠ್ಯ ಕಡತ ಮಾಡಿ ನಿಮ್ಮ ವೆಬ್‌ಸೈಟ್‌ನಲ್ಲಿಡಿ: ಪ್ರತಿ ಸಾಲಿನಲ್ಲಿ ಬ್ಲಾಕ್, ದೇಶ, ರಾಜ್ಯ, ಊರು, ಮಧ್ಯೆ ಅಲ್ಪವಿರಾಮ. ಅದರ ಕೊಂಡಿಯನ್ನು ಹೂಈಸ್ ದಾಖಲೆಯಲ್ಲಿ ಸೇರಿಸಿ. ಕೆಲವು ಕಂಪನಿಗಳಿಗೆ ಅವರದೇ ಫಾರಂನಲ್ಲಿ ತಿದ್ದುಪಡಿ ಕೇಳಬೇಕಾಗುತ್ತದೆ. ಎಲ್ಲ ಕಡೆ ಸರಿಹೋಗಲು ವಾರಗಳು ಹಿಡಿಯುತ್ತವೆ. ಹಾಗಾಗಿ ಬ್ಲಾಕ್ ಬಂದ ದಿನವೇ ಈ ಕೆಲಸ ಮಾಡಿ, ಗ್ರಾಹಕರನ್ನು ಆಮೇಲೆ ಹತ್ತಿಸಿ.

ಮೇಲ್ ಸರ್ವರ್ ಇಟ್ಟಿರುವ ಗ್ರಾಹಕರಿದ್ದರೆ ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಮರೆಯಬೇಡಿ. ಅದಿಲ್ಲದ ವಿಳಾಸದಿಂದ ಹೋದ ಮೇಲ್ ಬಹುಪಾಲು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ ಅಥವಾ ವಾಪಸ್ ಬರುತ್ತದೆ.

ಪ್ರ: ಐಪಿವಿ6ನ /32 ಸಿಕ್ಕಿದೆ. ಇಷ್ಟೊಂದನ್ನು ಹೇಗೆ ಹಂಚುವುದು? ಮನೆಗೆ ಒಂದೊಂದು ವಿಳಾಸ ಕೊಟ್ಟರೆ ಸಾಕಲ್ಲವೇ? (ಟಿ. ಎನ್., ಶಿವಮೊಗ್ಗ)

ಸಾಲದು. ಐಪಿವಿ4ರ ಜಿಪುಣತನವನ್ನು ಇಲ್ಲಿಗೆ ತಂದರೆ ನೆಟ್‌ವರ್ಕ್ ಕೆಡುತ್ತದೆ. ಇಲ್ಲಿ ವಿಳಾಸಗಳನ್ನಲ್ಲ, ಜಾಲಗಳನ್ನು ಎಣಿಸಬೇಕು. ಮನೆಯೊಳಗಿನ ಒಂದು ವೈಫೈ ಜಾಲಕ್ಕೆ ಒಂದು /64. ಅದಕ್ಕಿಂತ ಚಿಕ್ಕದು ಕೊಟ್ಟರೆ ಫೋನ್‌ಗಳು ತಾವೇ ವಿಳಾಸ ಮಾಡಿಕೊಳ್ಳುವ ವಿಧಾನ ನಡೆಯುವುದಿಲ್ಲ. ಅತಿಥಿಗಳಿಗೆ ಬೇರೆ ವೈಫೈ, ಕ್ಯಾಮೆರಾಗಳಿಗೆ ಬೇರೆ ಎಂದಾದರೆ ಪ್ರತಿಯೊಂದಕ್ಕೂ ಒಂದು /64 ಬೇಕು. ಆದ್ದರಿಂದ ಮನೆಗೆ /56 ಕೊಡಿ, ಅದರಲ್ಲಿ 256 ಜಾಲ ಆಗುತ್ತವೆ. ಕಾಲೇಜು, ಕಾರ್ಖಾನೆ, ಆಸ್ಪತ್ರೆಗೆ /48.

ಒಂದು /32ರಲ್ಲಿ 256 ತುಂಡು /40 ಸಿಗುತ್ತವೆ, ಪ್ರತಿ /40ರಲ್ಲಿ 65,536 ತುಂಡು /56. ಹಾಗಾಗಿ ಒಂದು ಪಾಪ್‌ಗೆ, ಅಂದರೆ ನಿಮ್ಮ ಓಎಲ್‌ಟಿ ಇರುವ ಒಂದು ಕೇಂದ್ರಕ್ಕೆ, ಒಂದು /40 ಎಂದು ಗೊತ್ತುಮಾಡಿ. ಶಿವಮೊಗ್ಗಕ್ಕೆ ಒಂದು, ಭದ್ರಾವತಿಗೆ ಒಂದು, ಸಾಗರಕ್ಕೆ ಒಂದು. 1,800 ಮನೆ ಇರುವ ಪಾಪ್‌ನಲ್ಲಿ ಶೇ. 3 ಕೂಡ ಬಳಕೆಯಾಗದು. ಅದು ದುಂದಲ್ಲ, ನಿಯಮ ಮಾಡಿದವರೇ ಬಯಸಿದ್ದು: ರೂಟ್ ಪಟ್ಟಿ ಚಿಕ್ಕದಾಗಿರಲಿ, ಊರು ಬೆಳೆದರೆ ವಿಳಾಸ ಬದಲಿಸುವ ಪ್ರಸಂಗ ಬರದಿರಲಿ ಎಂದು. ಮೊದಲ /40ನ್ನು ಗ್ರಾಹಕರಿಗೆ ಕೊಡದೆ ನಿಮ್ಮ ಯಂತ್ರಗಳಿಗೇ ಇಟ್ಟುಕೊಳ್ಳಿ. ರೂಟರ್‌ಗಳ ಲೂಪ್‌ಬ್ಯಾಕ್‌ಗೆ (ರೂಟರಿನ ಸ್ವಂತ ವಿಳಾಸಕ್ಕೆ) /128, ರೂಟರ್-ರೂಟರ್ ಲಿಂಕ್‌ಗೆ /127. ಲಿಂಕ್‌ಗೆ /127 ಬಳಸಿದರೂ ಪುಸ್ತಕದಲ್ಲಿ ಇಡೀ /64 ಬರೆದಿಡುವುದು ರೂಢಿ.

ತುಂಡು ಮಾಡುವಾಗ 32, 36, 40, 44, 48 ಹೀಗೆ ನಾಲ್ಕರ ಹೆಜ್ಜೆಯಲ್ಲೇ ಹೋಗಿ. ವಿಳಾಸದ ಒಂದು ಅಂಕಿ ನಾಲ್ಕು ಬಿಟ್. /42, /45 ಮಾಡಿದರೆ ಗಡಿ ಅಂಕಿಯ ಮಧ್ಯೆ ಬಿದ್ದು, ಓದುವವರಿಗೂ ಕಷ್ಟ, ರಿವರ್ಸ್ ಡಿಎನ್‌ಎಸ್‌ಗೂ ಕಷ್ಟ.

ಎಲ್ಲಿ ಕೈಕೊಡುತ್ತದೆ? ಮೊದಲನೆಯದು ಮನೆಯ ಓಎನ್‌ಯು, ಅಂದರೆ ಮನೆಯಲ್ಲಿಡುವ ಫೈಬರ್ ಪೆಟ್ಟಿಗೆ. ಅಗ್ಗದ ಕೆಲವು ಮಾದರಿಗಳಿಗೆ ಡಿಎಚ್‌ಸಿಪಿವಿ6ನಲ್ಲಿ (ಯಂತ್ರಗಳು ಐಪಿವಿ6 ವಿಳಾಸ ಕೇಳಿ ಪಡೆಯುವ ವಿಧಾನ) ಬ್ಲಾಕ್ ಕೇಳಿ ಪಡೆಯುವುದು ಗೊತ್ತಿಲ್ಲ. ಸಾವಿರ ಕೊಳ್ಳುವ ಮುಂಚೆ ಒಂದನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿ. ಎರಡನೆಯದು, ಬ್ಲಾಕ್ ಕೊಟ್ಟರೂ ನಿಮ್ಮ ಬ್ರಾಸ್ ರೂಟರ್‌ನಲ್ಲಿ (ಗ್ರಾಹಕರ ಸಂಪರ್ಕಗಳೆಲ್ಲ ಬಂದು ಸೇರುವ ರೂಟರ್) ಆ /56ಕ್ಕೆ ರೂಟ್ ಕೂರದಿರುವುದು. ಆಗ ಫೋನಿನಲ್ಲಿ ವಿಳಾಸ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಮೂರನೆಯದು ಐಸಿಎಂಪಿಯನ್ನು (ಜಾಲದ ದೋಷ ಮತ್ತು ಸೂಚನೆ ತಿಳಿಸುವ ಸಂದೇಶಗಳು) ತಡೆಯುವ ಹಳೆಯ ಫೈರ್‌ವಾಲ್ ಚಟ. ಐಪಿವಿ6ರಲ್ಲಿ ಪ್ಯಾಕೆಟ್ ದೊಡ್ಡದಾಯಿತು ಎಂಬ ಸೂಚನೆ ಬರುವುದೇ ಐಸಿಎಂಪಿ ಮೂಲಕ. ಆ ಸೂಚನೆಯನ್ನು ತಡೆದರೆ ಪಿಂಗ್ ಪರೀಕ್ಷೆ ಸರಿಯಾಗಿಯೇ ನಡೆಯುತ್ತದೆ, ಚಿಕ್ಕ ಪುಟ ಬರುತ್ತದೆ, ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಬಳಸುವ ಕಡೆ ಇದು ಇನ್ನೂ ಹೆಚ್ಚು.

ಪ್ರ: ಒಂದು ಪಬ್ಲಿಕ್ ಐಪಿಯ ಹಿಂದೆ ಎಷ್ಟು ಮನೆ ಇಡಬಹುದು? ಲಾಗ್ ಎಷ್ಟು ಕಾಲ ಇಡಬೇಕು? (ಆರ್. ಜಿ., ಹಾಸನ)

ಒಂದು ವಿಳಾಸಕ್ಕೆ 65,536 ಪೋರ್ಟ್, ಅಂದರೆ ಒಂದೊಂದು ಸಂಪರ್ಕವನ್ನು ಬೇರ್ಪಡಿಸುವ ಸಂಖ್ಯೆ. ಮೊದಲ 1,024 ಬಿಟ್ಟರೆ 64,512. 32 ಮನೆ ಇಟ್ಟರೆ ತಲಾ 2,016, 64 ಮನೆ ಇಟ್ಟರೆ ತಲಾ 1,008. ಈ ಎರಡರ ನಡುವೆ ಇದ್ದರೆ ಕ್ಷೇಮ. 64ರ ಲೆಕ್ಕದಲ್ಲಿ ಒಂದು /24 ಪೂಲ್ 16,384 ಮನೆಗೆ ಸಾಕು. ಅದಕ್ಕಿಂತ ಹಿಂಡಿದರೆ ಮೊದಲು ಕೆಡುವುದು ಮಕ್ಕಳ ಗೇಮ್ ಮತ್ತು ವಿಡಿಯೊ ಕರೆ. ಆಮೇಲೆ ಎಲ್ಲರಿಗೂ 'ನೀವು ರೋಬಾಟ್ ಅಲ್ಲವೇ' ಎಂಬ ಪರೀಕ್ಷೆ ಶುರುವಾಗುತ್ತದೆ, ಏಕೆಂದರೆ ಒಂದು ಮನೆಯ ವೈರಸ್ ಮಾಡಿದ ಕೆಟ್ಟ ಹೆಸರು ಆ ಐಪಿಯ ಹಿಂದಿರುವ ಎಲ್ಲ ಮನೆಗೂ ಅಂಟುತ್ತದೆ. ಮೇಲಿನ ಪ್ರಶ್ನೆಯ ತಿಪಟೂರಿನವರು 16 ವಿಳಾಸದಲ್ಲಿ 1,800 ಮನೆ ನಡೆಸುತ್ತಿದ್ದಾರೆ, ಅಂದರೆ ಒಂದೊಂದರ ಹಿಂದೆ 112ಕ್ಕೂ ಹೆಚ್ಚು.

ನ್ಯಾಟ್‌ನ ಒಳಗಡೆಗೆ 100.64.0.0/10 ಬಳಸಿ. 2012ರಲ್ಲಿ ಆಪರೇಟರ್‌ಗಳ ನ್ಯಾಟ್‌ಗೆಂದೇ ಮೀಸಲಿಟ್ಟ ಬ್ಲಾಕ್ ಇದು, 41,94,304 ವಿಳಾಸ ಇವೆ. 192.168 ಬಳಸಿದರೆ ಗ್ರಾಹಕರ ಮನೆ ರೂಟರ್ ಒಳಗೂ ಹೊರಗೂ ಒಂದೇ ಸಾಲು ಕಂಡು ಗೊಂದಲಕ್ಕೆ ಬೀಳುತ್ತದೆ.

ಲಾಗ್, ಅಂದರೆ ಯಾವ ಮನೆ ಯಾವಾಗ ಯಾವ ಐಪಿ, ಪೋರ್ಟ್ ಬಳಸಿತು ಎಂಬ ದಾಖಲೆ, ಎರಡು ವರ್ಷ ಇಡಬೇಕು. ಮುಂಚೆ ಒಂದು ವರ್ಷ ಇದ್ದದ್ದನ್ನು 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ತಿದ್ದುಪಡಿ ಮಾಡಿ ಹೆಚ್ಚಿಸಿದರು. ಡಿಸ್ಕ್ ಲೆಕ್ಕ ಹೀಗೆ ಹಾಕಿ: ಮನೆಗೆ ದಿನಕ್ಕೆ 10,000 ಸೆಷನ್, ಒಂದು ಸಾಲು 150 ಬೈಟ್ ಎಂದುಕೊಂಡರೆ 1,800 ಮನೆಗೆ ದಿನಕ್ಕೆ 2.7 ಜಿಬಿ, ಎರಡು ವರ್ಷಕ್ಕೆ ಸುಮಾರು 2 ಟಿಬಿ. ನಿಮ್ಮ ಅಂಕಿ ಬೇರೆ ಇರಬಹುದು, ಒಂದು ವಾರ ಅಳೆದು ನೋಡಿ. ಮನೆಗೆ ನಿಗದಿತ ಪೋರ್ಟ್ ಗುಂಪು ಹಂಚಿದರೆ ಲಾಗ್ ತೀರಾ ಹಗುರವಾಗುತ್ತದೆ. ಆದರೆ ಲೈಸೆನ್ಸ್ ನಮೂನೆ ಕೇಳುವ ಎಲ್ಲ ಕಾಲಂ ಅದರಲ್ಲಿ ತುಂಬುತ್ತವೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಪೊಲೀಸರ ಪತ್ರ ಬಂದಾಗ ಎಡವುವುದು ಎರಡು ಕಡೆ. ಒಂದು ಪೋರ್ಟ್: ಪತ್ರದಲ್ಲಿ ಐಪಿ ಮತ್ತು ಸಮಯ ಮಾತ್ರ ಇದ್ದು ಸೋರ್ಸ್ ಪೋರ್ಟ್ ಇಲ್ಲದಿದ್ದರೆ 64 ಮನೆಯಲ್ಲಿ ಯಾವುದೆಂದು ಹೇಳಲಾಗದು. ಊಹಿಸಿ ಹೆಸರು ಕೊಡಬೇಡಿ, ಪೋರ್ಟ್ ಬೇಕೆಂದು ಲಿಖಿತವಾಗಿ ಕೇಳಿ. ಇನ್ನೊಂದು ಗಡಿಯಾರ: ವಿದೇಶಿ ಸೈಟ್‌ಗಳ ದಾಖಲೆ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರೂಟರ್ ಗಡಿಯಾರ ಎರಡು ನಿಮಿಷ ತಪ್ಪಿದರೂ ಆ ಪೋರ್ಟ್ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿರಬಹುದು. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದಂತೆ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗೆ ಹೊಂದಿಸಿಡಿ.

ಪ್ರ: ಮನೆಯ ಸಿಸಿ ಕ್ಯಾಮೆರಾ ಊರಾಚೆಯಿಂದ ನೋಡಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಕ್ಯಾಮೆರಾಗೆ ದಾಟಿಸುವ ಏರ್ಪಾಡು) ಮಾಡಿದೆ. ಏನು ಮಾಡಿದರೂ ಬರುತ್ತಿಲ್ಲ. (ಗೃಹಿಣಿ, ಉಡುಪಿ)

ರೂಟರ್ ಪುಟದಲ್ಲಿ 'ವ್ಯಾನ್ ಐಪಿ' (ಆಪರೇಟರ್ ನಿಮ್ಮ ರೂಟರಿಗೆ ಕೊಟ್ಟ ವಿಳಾಸ) ಎಂದಿರುವುದನ್ನು ನೋಡಿ. ಅದು 10ರಿಂದ ಶುರುವಾಗಿದ್ದರೆ, ಅಥವಾ 100 ಎಂದಿದ್ದು ಎರಡನೆಯ ಅಂಕಿ 64ರಿಂದ 127ರ ಒಳಗಿದ್ದರೆ ನೀವು ಆಪರೇಟರ್ ನ್ಯಾಟ್‌ನ ಹಿಂದಿದ್ದೀರಿ. ಅಲ್ಲಿ ನಿಮ್ಮ ಪೋರ್ಟ್ ಫಾರ್ವರ್ಡ್‌ಗೆ ಬೆಲೆಯಿಲ್ಲ. ಆಪರೇಟರ್ ಬಳಿ ಸ್ಟ್ಯಾಟಿಕ್ ಐಪಿ ಕೊಳ್ಳಿ, ಇಲ್ಲವೇ ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡಿ. ಯಾವ ದಾರಿ ಹಿಡಿದರೂ ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ.

ಪ್ರ: ನಮ್ಮ ಎಂಜಿನಿಯರಿಂಗ್ ಕಾಲೇಜು ಐಎಸ್‌ಪಿ ಅಲ್ಲ. ನಮಗೂ ಸ್ವಂತ ವಿಳಾಸ ಸಿಗುತ್ತದೆಯೇ? (ಸಿಸ್ಟಮ್ ಅಡ್ಮಿನ್, ಮೈಸೂರು)

ಬಳಕೆದಾರ ಸಂಸ್ಥೆಗೂ ಸಿಗುತ್ತದೆ, ಆದರೆ ಷರತ್ತು ಬೇರೆ. ಒಂದಕ್ಕಿಂತ ಹೆಚ್ಚು ಕಡೆ ಸಂಪರ್ಕ ಇರಬೇಕು ಅಥವಾ ಸದ್ಯದಲ್ಲೇ ಆಗಲಿದೆ ಎಂದು ತೋರಿಸಬೇಕು. ಕೇಳಿದ್ದರಲ್ಲಿ ಶೇ. 25 ಕೂಡಲೇ, ಶೇ. 50 ವರ್ಷದೊಳಗೆ ಬಳಕೆಗೆ ಬರಬೇಕು. ಐಪಿವಿ6 ನಿಮಗೆ /48. ಇದನ್ನು ನಿಮ್ಮ ಕ್ಯಾಂಪಸ್‌ಗೆ ಮಾತ್ರ ಬಳಸಬಹುದು, ಪಕ್ಕದ ಹಾಸ್ಟೆಲ್ ಮಾಲೀಕರಿಗೆ ಹಂಚುವಂತಿಲ್ಲ. ಒಂದೇ ಲಿಂಕ್ ಇದ್ದು ಅದು ಬದಲಾಗುವ ಸಂಭವ ಇಲ್ಲದಿದ್ದರೆ ಅಪ್‌ಸ್ಟ್ರೀಮ್ ಕೊಡುವ ವಿಳಾಸವೇ ಸಾಕು, ವಾರ್ಷಿಕ ಶುಲ್ಕ ಉಳಿಯುತ್ತದೆ.

ಪ್ರ: ಒಬ್ಬ ದಲ್ಲಾಳಿ 103 ಸಾಲಿನ /24 ಮಾರುತ್ತೇನೆ, ಮುಂಗಡ ಕೊಡಿ ಎನ್ನುತ್ತಿದ್ದಾನೆ. ಕೊಳ್ಳಬಹುದೇ? (ಎ. ಕೆ., ಕಲಬುರಗಿ)

ಮುಂಗಡ ಕೊಡಬೇಡಿ. 103 ಸಾಲಿನ ಬ್ಲಾಕನ್ನು ಮೊದಲು ಹಂಚಿದ ದಿನದಿಂದ ಐದು ವರ್ಷದವರೆಗೆ ವರ್ಗಾಯಿಸುವಂತಿಲ್ಲ. ಪಡಿತರದಲ್ಲಿ ಪಡೆದು ಕಾಳಸಂತೆಯಲ್ಲಿ ಮಾರುವುದನ್ನು ತಡೆಯಲು ಬಂದ ನಿಯಮ ಇದು. ಹೂಈಸ್ ದಾಖಲೆಯಲ್ಲಿ ಹಂಚಿದ ದಿನ ನೋಡಿದರೆ ಅರ್ಧ ಸತ್ಯ ಅಲ್ಲೇ ಗೊತ್ತಾಗುತ್ತದೆ.

ಐದು ವರ್ಷ ಕಳೆದಿದ್ದರೂ ಮಾರುವವರ ಮತ್ತು ಕೊಳ್ಳುವವರ ಸಹಿ ಸಾಲದು. ಹೂಈಸ್ ಅಂದರೆ ಹೊಲದ ಪಹಣಿ ಇದ್ದಂತೆ: ಅದರಲ್ಲಿ ಹೆಸರು ಬದಲಾಗುವತನಕ ಕೈಬರಹದ ಕರಾರಿಗೆ ಕಿಮ್ಮತ್ತಿಲ್ಲ. ಕೊಳ್ಳುವವರು ಮುಂದಿನ 24 ತಿಂಗಳ ಅಗತ್ಯವನ್ನು ನೋಂದಣಿ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆಯಬೇಕು. /24ಕ್ಕಿಂತ ಕಡಿಮೆ ವರ್ಗಾವಣೆ ಇಲ್ಲ. ಹಣವನ್ನು ಇಬ್ಬರಿಗೂ ಒಪ್ಪುವ ಮೂರನೆಯವರ ಖಾತೆಯಲ್ಲಿಟ್ಟು, ದಾಖಲೆಯಲ್ಲಿ ಹೆಸರು ಬದಲಾದ ಮೇಲೆ ಬಿಡುಗಡೆ ಮಾಡುವಂತೆ ಕರಾರು ಇರಲಿ. ಬ್ಲಾಕ್ ಸ್ಪ್ಯಾಮ್‌ಹೌಸ್ ಮುಂತಾದ ಕಪ್ಪುಪಟ್ಟಿಯಲ್ಲಿದೆಯೇ, ಹಿಂದೆ ಯಾವ ಎಎಸ್‌ಗಳಿಂದ ಅನೌನ್ಸ್ ಆಗಿತ್ತು ಎಂದೂ ನೋಡಿ. ಸ್ಪ್ಯಾಮ್ ಕಳಿಸಿ ಹೊಲಸು ಮಾಡಿದ ಬ್ಲಾಕನ್ನು ಅಗ್ಗಕ್ಕೆ ತಳ್ಳುವುದು ಈ ವ್ಯಾಪಾರದಲ್ಲಿ ನಿತ್ಯದ ಮಾತು.

ಬಾಡಿಗೆಗೆ ಪಡೆಯುವುದಂತೂ ಇನ್ನೂ ಇಕ್ಕಟ್ಟು. ಆರ್‌ಒಎ, ರಿವರ್ಸ್ ಡಿಎನ್‌ಎಸ್, ದೂರು ಬರುವ ಮೇಲ್, ಎಲ್ಲವೂ ಅವರ ಕೈಯಲ್ಲಿರುತ್ತದೆ. ಅವರು ನೋಂದಣಿ ಶುಲ್ಕ ಕಟ್ಟದಿದ್ದರೆ ನಿಮ್ಮ ಗ್ರಾಹಕರ ಸಂಪರ್ಕ ಹೋಗುತ್ತದೆ.

ಪ್ರ: ನಮ್ಮ ಐಪಿ ಅರ್ಜಿ ಹಾಕಿಸಿಕೊಟ್ಟ ಕನ್ಸಲ್ಟೆಂಟ್ ಈಗ ಫೋನ್ ಎತ್ತುತ್ತಿಲ್ಲ. ಖಾತೆ ಅವರ ಮೇಲ್‌ನಲ್ಲಿದೆ. ಈ ವರ್ಷದ ಶುಲ್ಕದ ಬಿಲ್ಲೂ ನಮಗೆ ಬಂದಿಲ್ಲ. (ಡಿ. ನಾಯ್ಕ, ಕಾರವಾರ)

ಮೊದಲು ಶುಲ್ಕದ ಗಡುವು ತಿಳಿದುಕೊಳ್ಳಿ. ಐಪಿ ವಿಳಾಸ ಆಸ್ತಿಯಲ್ಲ, ವರ್ಷವರ್ಷವೂ ನವೀಕರಿಸುವ ಬಳಕೆಯ ಹಕ್ಕು. ಶುಲ್ಕ ನಿಂತರೆ ಖಾತೆ ಮುಚ್ಚುತ್ತದೆ, ಬ್ಲಾಕ್ ನೋಂದಣಿ ಸಂಸ್ಥೆಗೆ ವಾಪಸ್ ಹೋಗುತ್ತದೆ, ಕೆಲಕಾಲದ ನಂತರ ಬೇರೆಯವರಿಗೆ ಸಿಗುತ್ತದೆ. ಬಿಲ್ಲು ಬಂದಿಲ್ಲ ಎಂಬುದು ಅಲ್ಲಿ ನೆಪವಾಗದು.

ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ನಿರ್ದೇಶಕರ ಅಥವಾ ಮಾಲೀಕರ ಸಹಿಯೊಂದಿಗೆ ಇರಿನ್‌ಗೆ ಬರೆಯಿರಿ. ಖಾತೆಯ ಹೆಸರು, ಬ್ಲಾಕ್, ಎಎಸ್ ನಂಬರ್ ನಮೂದಿಸಿ, ಹಳೆಯ ಸಂಪರ್ಕ ವ್ಯಕ್ತಿಯನ್ನು ತೆಗೆದು ಹೊಸಬರನ್ನು ಸೇರಿಸುವಂತೆ ಕೇಳಿ. ಲೈಸೆನ್ಸ್, ಪ್ಯಾನ್, ಅಧಿಕಾರ ಪತ್ರ ಲಗತ್ತಿಸಿ. ಮೇಲ್ ವಿಳಾಸ ನಿಮ್ಮದೇ ಡೊಮೇನ್‌ನದಾಗಿರಲಿ, ಒಬ್ಬರ ಹೆಸರಿನದಲ್ಲದೆ ಇಬ್ಬರು ಮೂವರು ನೋಡುವಂಥದ್ದಾಗಿರಲಿ. ಆ ಡೊಮೇನಿನ ಮೇಲ್ ಸರ್ವರನ್ನು ಇದೇ ಬ್ಲಾಕಿನಲ್ಲಿ ಮಾತ್ರ ಇಡಬೇಡಿ, ಬ್ಲಾಕ್ ಸತ್ತ ದಿನ ಬರುವ ಪತ್ರವೇ ನಿಮಗೆ ತಲುಪುವುದಿಲ್ಲ.

ಖಾತೆ ಕೈಗೆ ಬಂದ ಕೂಡಲೇ ಮೇಂಟೇನರ್ (ನೋಂದಣಿ ದಾಖಲೆ ತಿದ್ದುವ) ಪಾಸ್‌ವರ್ಡ್ ಬದಲಿಸಿ, ಆರ್‌ಒಎಗಳನ್ನು ಒಂದೊಂದಾಗಿ ಪರಿಶೀಲಿಸಿ, ಗೊತ್ತಿಲ್ಲದ ಎಎಸ್ ನಂಬರ್ ಇದ್ದರೆ ಅದು ಯಾರದೆಂದು ಹುಡುಕಿ. ಐಆರ್‌ಟಿ (ದೂರು ನೋಡಿಕೊಳ್ಳುವವರ) ದಾಖಲೆಯಲ್ಲಿರುವ ದೂರು ಮೇಲ್ ಕೂಡ ಬದಲಿಸಿ. ಎಪಿನಿಕ್ ನಿಯಮದಂತೆ ಆರು ತಿಂಗಳಿಗೊಮ್ಮೆ ಆ ವಿಳಾಸಕ್ಕೆ ದೃಢೀಕರಣದ ಮೇಲ್ ಬರುತ್ತದೆ, ಅದಕ್ಕೆ ಉತ್ತರಿಸದಿದ್ದರೆ ವಿಳಾಸ ಅಮಾನ್ಯ ಎಂದು ಹೂಈಸ್‌ನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಬೀಳುತ್ತದೆ.